ಗೋಂದಕ್ಕ ಬರೆದ ಆರು ಪುಟ

"ಅವನು ಎದ್ದ, ಅಲ್ಪವಿರಾಮ. ದೀಪ ಸಣ್ಣಗೆ ಮಾಡಿದ, ಅಲ್ಪವಿರಾಮ. ಮತ್ತೆ ಕೂತ. ಪೂರ್ಣವಿರಾಮ. ಹೊಸ ಪ್ಯಾರಾ."

"ಇಲ್ಲಿ ಹೊಸ ಪ್ಯಾರಾ ಇಲ್ಲ ಮೇಡಂ."

"ಯಾಕಿಲ್ಲ?"

"ಜಾಗ ಸಾಲಲ್ಲ ಅನ್ನಿಸ್ತು. ಸೇರಿಸಿಬಿಟ್ಟೆ."

"ನಿಮಗೆ ಜಾಗ ಸಾಲದಿದ್ದರೆ ಬರೆದವರು ಉಸಿರು ಕಟ್ಟಿಕೊಳ್ಳಬೇಕಾ? ಮತ್ತೆ ಬರೀರಿ."

"ಇಡೀ ಪುಟಾನಾ?"

"ಇಡೀ ಪುಟ."

ಬೆಳಿಗ್ಗೆ ಆರೂಕಾಲು. ಸಾರ್ವಜನಿಕ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಒಂದೇ ಕಿಟಕಿ. ಬೆಳಕು ಇನ್ನೂ ಮೇಜಿನ ಅರ್ಧಕ್ಕೆ ಬಂದು ನಿಂತಿದೆ. ಬೆಳಕಿರುವ ಅರ್ಧದಲ್ಲಿ ದಪ್ಪ ಕನ್ನಡಕದ ಟೈಪಿಸ್ಟ್ ಮೇಡಂ ಅಚ್ಚಿನ ಪುಸ್ತಕ ಹಿಡಿದು, ಒಂದು ಚುಕ್ಕಿಯನ್ನೂ ಬಿಡದೆ ಗಟ್ಟಿಯಾಗಿ ಓದುತ್ತಿದ್ದಾರೆ. ಇನ್ನರ್ಧದಲ್ಲಿ ಗೋಂದಕ್ಕ, ತಾನೇ ಬರೆದ ಹಾಳೆಯ ಮೇಲೆ ತೋರುಬೆರಳಿಟ್ಟು, ಅಕ್ಷರದಿಂದ ಅಕ್ಷರಕ್ಕೆ ಸರಿಯುತ್ತಿದ್ದಾಳೆ. ಈ ಪುಟವನ್ನು ಅವಳು ಬರೆಯುತ್ತಿರುವುದು ಇದು ಮೂರನೆಯ ಸಲ. ಮೂಗಿನೊಳಗೇ ಏನೋ ಗೊಣಗಿ ಹಾಳೆಯನ್ನು ಪಕ್ಕಕ್ಕಿಡುತ್ತಾಳೆ, ಹೊಸದೊಂದಕ್ಕೆ ಗೆರೆ ಎಳೆಯಲು ಅಡಿಪಟ್ಟಿ ಹುಡುಕುತ್ತಾಳೆ. ಅಡಿಪಟ್ಟಿ ಮೇಡಂ ಮೊಣಕೈ ಕೆಳಗಿದೆ. ಕೇಳಲು ಮನಸ್ಸಿಲ್ಲ.

ಇಂದು ಬುಧವಾರ. ಶನಿವಾರದೊಳಗೆ ಹಳೆಯ ಕಾದಂಬರಿಯೊಂದರ ಈ ಕೊನೆಯ ಆರು ಪುಟ ಮುಗಿಯಬೇಕು. ಮುಗಿಯದಿದ್ದರೆ ಈ ಕಾದಂಬರಿ ಕಪಾಟಿನಿಂದ ಇಳಿದು ರದ್ದಿ ಕಾಗದದ ಗುಡ್ಡೆ ಸೇರುತ್ತದೆ. ಅದಕ್ಕಿಂತ ಹೆಚ್ಚಾಗಿ, ಇನ್ನು ಮೇಲೆ ಗೋಂದಕ್ಕ ಯಾವ ಪುಸ್ತಕಕ್ಕೂ ಕೈಯಲ್ಲಿ ಪುಟ ಬರೆದು ಸೇರಿಸುವಂತಿಲ್ಲ.

ಮೇಜಿನ ಆಚೆ ಕೂತು ಚುಕ್ಕಿ ಲೆಕ್ಕ ಹಾಕುತ್ತಿರುವ ಈ ಮೇಡಂ ಕೊಟ್ಟ ದೂರಿನಿಂದಲೇ ಇಷ್ಟೆಲ್ಲ ಆದದ್ದು.

ಗೋಂದಕ್ಕನಿಗೆ ಈಗ ಅರವತ್ತೊಂದು. ಮಕ್ಕಳು 'ಗೋಂದಜ್ಜಿ' ಅನ್ನುತ್ತಾರೆ, ದೊಡ್ಡವರು 'ಗೋಂದಕ್ಕ'. ಅವಳ ನಿಜವಾದ ಹೆಸರು ಗ್ರಂಥಾಲಯದ ಹಾಜರಿ ಪುಸ್ತಕದಲ್ಲೂ ಇಲ್ಲ, ಯಾಕೆಂದರೆ ಅವಳು ಅಲ್ಲಿನ ನೌಕರಳಲ್ಲ. ಸಂಬಳವಿಲ್ಲದೆ ಬರುವ ಏಳು ಮಂದಿ ಸ್ವಯಂಸೇವಕರಲ್ಲಿ ಅವಳೂ ಒಬ್ಬಳು. ಒಬ್ಬರು ಭಾನುವಾರ ಮಕ್ಕಳಿಗೆ ಕಥೆ ಓದುತ್ತಾರೆ, ಇಬ್ಬರು ಹಾಸಿಗೆ ಹಿಡಿದವರ ಮನೆಗೆ ಪುಸ್ತಕ ಹೊತ್ತೊಯ್ಯುತ್ತಾರೆ, ಉಳಿದವರು ಕಪಾಟು ಜೋಡಿಸುತ್ತಾರೆ. ಹರಿದದ್ದೆಲ್ಲ ಗೋಂದಕ್ಕನ ಪಾಲು.

ಇಪ್ಪತ್ತೆಂಟು ವರ್ಷ ಅವಳು ಹೊಲಿದದ್ದು ಪುಸ್ತಕವನ್ನಲ್ಲ, ಆಸ್ಪತ್ರೆಯ ಹಾಸಿಗೆ ಬಟ್ಟೆಯನ್ನು. ನೆಲಮಾಳಿಗೆಯಲ್ಲಿ ಒಂದು ಕೋಣೆ, ನಾಲ್ಕು ಹೊಲಿಗೆ ಯಂತ್ರ, ಬೆಟ್ಟದಂತೆ ಬಂದು ಬೀಳುವ ಹರಿದ ಚಾದರಗಳು. ಅಲ್ಲಿನ ಹಿರಿಯಳು ಮೊದಲ ದಿನವೇ ಕಲಿಸಿದ ಪಾಠ ಒಂದೇ: ತೇಪೆ ಹಾಕಿದ ಮೇಲೆ ಕಣ್ಣು ಮುಚ್ಚಿ ಅಂಗೈ ಸವರಬೇಕು; ಕೈಗೆ ಗೊತ್ತಾದರೆ ಬಿಚ್ಚಿ ಮತ್ತೆ ಹೊಲಿಯಬೇಕು. "ಮಲಗಿರೋರು ಹೊರಳೋಕೂ ಆಗದ ಸ್ಥಿತೀಲಿ ಇರ್ತಾರೆ. ಹೊಲಿಗೆ ಬೆನ್ನಿಗೆ ಒತ್ತಿದರೆ ಅವರು ಯಾರಿಗೆ ಹೇಳಬೇಕು? ನಮಗಂತೂ ಬಂದು ಹೇಳಲ್ಲ," ಎನ್ನುತ್ತಾಳೆ ಗೋಂದಕ್ಕ.

ಒಮ್ಮೆ ಬಳಸಿ ಬಿಸಾಡುವ ಚಾದರ ಬಂತು, ಕೋಣೆಗೆ ಬೀಗ ಬಿತ್ತು. ಐವತ್ತನೆಯ ವಯಸ್ಸಿಗೆ ಗೋಂದಕ್ಕ ಮನೆಯಲ್ಲಿ ಕೂತಳು. ಕೂತಳು ಅನ್ನುವುದು ಮಾತಿಗೆ. ಅವಳ ಸೊಸೆ ಬೇರೆಯೇ ಹೇಳುತ್ತಾಳೆ. "ಮನೇಲಿದ್ದ ಪರದೆ, ದಿಂಬು, ಕಾಲೊರಸು, ಎಲ್ಲ ಹೊಲಿದು ಮುಗಿಸಿದ್ರು. ಆಮೇಲೆ ಚೆನ್ನಾಗಿರೋದನ್ನೂ ಬಿಚ್ಚಿ ಹೊಲಿಯೋಕೆ ಶುರು ಮಾಡಿದ್ರು. ನಾನು ಓದೋಕೆ ತಂದಿದ್ದ ಲೈಬ್ರರಿ ಪುಸ್ತಕ ಒಂದು ಸಿಕ್ತು ನೋಡಿ, ಬಚಾವಾದ್ವಿ."

ಆ ಪುಸ್ತಕದ ಬೆನ್ನು ಕಿತ್ತಿತ್ತು. ಗಂಡ, ಸೊಸೆ ಇಬ್ಬರೂ ಬೇಡವೆಂದರೂ ಕೇಳದೆ ಗೋಂದಕ್ಕ ಅದನ್ನು ದಬ್ಬಣ ಹಿಡಿದು ಹೊಲಿದಳು. ಬೈಯುತ್ತಾರೆಂದು ಅದನ್ನು ಸೆರಗಿನಡಿ ಹಿಡಿದೇ ಹಿಂದಿರುಗಿಸಲು ಹೋದಳು. ಗ್ರಂಥಪಾಲಕರು ಪುಸ್ತಕದ ಬೆನ್ನು ತಿರುಗಿಸಿ ನೋಡಿ, ಒಳಗೆ ಹೋಗಿ ಇನ್ನೂ ಒಂಬತ್ತು ಹರಿದ ಪುಸ್ತಕ ತಂದು ಅವಳ ಮುಂದಿಟ್ಟರು.

"ಮೊದಲನೇ ಪುಸ್ತಕ ಎಷ್ಟು ಬಿಗಿಯಾಗಿ ಹೊಲಿದಿದ್ದೆ ಅಂದ್ರೆ, ಅದು ತೆರೀತಾನೇ ಇರಲಿಲ್ಲ," ಎಂದು ನಗುತ್ತಾಳೆ. "ಆರು ತಿಂಗಳು ಹೊಸದರ ಹಾಗೇ ಇತ್ತು. ಯಾರೂ ಮುಟ್ಟಿರಲಿಲ್ಲ."

ಹನ್ನೊಂದು ವರ್ಷವಾಯಿತು. ವಾರಕ್ಕೆ ಏಳು ಪುಸ್ತಕ, ಮಳೆಗಾಲದಲ್ಲಿ ಅಂಟು ಬೇಗ ಒಣಗದೆ ಆರು. ಅವಳ ನೋಟುಬುಕ್ಕಿನ ಪ್ರಕಾರ ಇಲ್ಲಿಯವರೆಗೆ ಮೂರು ಸಾವಿರದ ಎಂಟುನೂರ ಹನ್ನೆರಡು ಪುಸ್ತಕ. ಅಂಟನ್ನು ಮನೆಯಲ್ಲೇ ಕಾಯಿಸುತ್ತಾಳೆ: ಮೈದಾಹಿಟ್ಟು, ನೀರು, ಹುಳ ಬೀಳದಿರಲು ಚಿಟಿಕೆ ಮೈಲುತುತ್ತ. ಅದಕ್ಕೆಂದೇ ಬೇರೆ ಪಾತ್ರೆ ಇದೆ, ಅದರ ಹಿಡಿಗೆ ಸೊಸೆ ಕೆಂಪು ದಾರ ಸುತ್ತಿದ್ದಾಳೆ. ಗೋಂದಕ್ಕನ ಗಂಡ ಒಮ್ಮೆ ಗಂಜಿಯೆಂದು ತಿಳಿದು ಆ ಪಾತ್ರೆಗೆ ಚಮಚ ಹಾಕಿದ ದಿನದಿಂದ.

ಆದರೆ ಹೊಲಿದು ಅಂಟಿಸಿದ ಮಾತ್ರಕ್ಕೆ ಪುಸ್ತಕ ಕಪಾಟಿಗೆ ಹೋಗುವುದಿಲ್ಲ. ಗೋಂದಕ್ಕನ ಹತ್ತಿರ ಒಂದು ಪದ್ಧತಿಯಿದೆ. ಹೊಲಿಗೆ ನಿಂತಿದೆಯೇ ಎಂದು ತಿಳಿಯಬೇಕಾದರೆ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ, ಒಂದೊಂದೇ ಪುಟವಾಗಿ, ಕೈಯಲ್ಲಿ ಹಿಡಿದು ತೆರೆಯಬೇಕು. ಸುಮ್ಮನೆ ಮಗುಚಿದರೆ ಆಗದು. ಹಾಗಾಗಿ ಅವಳು ಸಿಕ್ಕವರ ಕೈಗೆ ಪುಸ್ತಕ ತುರುಕುತ್ತಾಳೆ. "ಹೊಲಿಗೆ ನೋಡಿ ಹೇಳಿ. ಪೂರ್ತಿ ಓದಬೇಕು ಅಷ್ಟೆ. ನಡುವೆ ಬಿಟ್ಟರೆ ನನಗೆ ಗೊತ್ತಾಗುತ್ತೆ."

"ನನಗೆ ಓದೋ ಅಭ್ಯಾಸ ಇಲ್ಲಕ್ಕ," ಎಂದು ಯಾರಾದರೂ ನುಣುಚಿಕೊಳ್ಳಲು ನೋಡಿದರೆ ಅವಳ ಉತ್ತರ ಸಿದ್ಧವಿರುತ್ತದೆ: "ನಿಮ್ಮನ್ನ ಓದಿ ಅಂದವರು ಯಾರು? ಹೊಲಿಗೆ ನೋಡಿ ಅಂದೆ."

ಹೀಗೆ ಹೊಲಿಗೆ ನೋಡಲು ಹೋದವರಲ್ಲಿ ಎದುರು ಕಟ್ಟಡದ ಕಾವಲುಗಾರ ಈಗ ವಾರಕ್ಕೆರಡು ಪುಸ್ತಕ ಒಯ್ಯುತ್ತಾರೆ. ತರಕಾರಿ ಮಾರುವಾಕೆ ಪತ್ತೇದಾರಿ ಕಥೆಯ ಗೀಳು ಹತ್ತಿಸಿಕೊಂಡು ತೂಕದಲ್ಲಿ ತಪ್ಪುತ್ತಾಳೆಂದು ಬೀದಿಯವರ ಆರೋಪ. ಗ್ರಂಥಪಾಲಕರು ಲೆಕ್ಕ ತೆಗೆದಿದ್ದಾರೆ: ಗೋಂದಕ್ಕನ ಪರೀಕ್ಷೆಗೆ ಸಿಕ್ಕಿಬಿದ್ದು ಆಮೇಲೆ ಸದಸ್ಯರಾದವರು ನೂರಾ ನಲವತ್ತು ಮಂದಿ. ಅವರಲ್ಲೊಬ್ಬರು ಬಸ್ ಡ್ರೈವರ್. ಅವರು ಓದಿದ ಮೊದಲನೆಯ ಪುಸ್ತಕವೇ ಈ ಕಾದಂಬರಿ.

ಕಥೆ ದೊಡ್ಡದಲ್ಲ. ಒಬ್ಬ ಗಡಿಯಾರ ರಿಪೇರಿಯವ. ಜಗಳವಾಡಿ ಮನೆ ಬಿಟ್ಟು ಹೋದ ಮಗಳು. ಹದಿನಾರು ವರ್ಷದ ನಂತರ ಒಂದು ಸಂಜೆ ಬಾಗಿಲು ತಟ್ಟಿದ ಸದ್ದು. ಹೊರಗಿರುವವಳು ಅವಳೇ ಎಂದು ಅವನಿಗೆ ಗೊತ್ತು; ತಟ್ಟುವ ಲಯ ಗೊತ್ತು. ಆಮೇಲೆ?

ಆಮೇಲಿನ ಆರು ಪುಟವನ್ನು ಯಾರೋ ಪುಣ್ಯಾತ್ಮರು ಕಿತ್ತುಕೊಂಡು ಹೋಗಿದ್ದರು. ಒಂಬತ್ತು ವರ್ಷದ ಹಿಂದಿನ ಮಾತು.

ಪುಟ ಕಾಣೆಯಾದ ಪುಸ್ತಕ ಗೋಂದಕ್ಕನಿಗೆ ಹೊಸದಲ್ಲ. ಬೇರೆ ಗ್ರಂಥಾಲಯದಿಂದಲೋ ಓದುಗರ ಮನೆಯಿಂದಲೋ ಇನ್ನೊಂದು ಪ್ರತಿ ಎರವಲು ತಂದು, ಕಾಣೆಯಾದ ಪುಟಗಳನ್ನು ಕೈಯಲ್ಲೇ ಬರೆದು ಸೇರಿಸುತ್ತಾಳೆ. ಏಳನೇ ತರಗತಿಗೆ ಓದು ನಿಂತರೂ ಅಕ್ಷರ ಮುತ್ತು ಪೋಣಿಸಿದ ಹಾಗೆ. ಆಸ್ಪತ್ರೆಯ ಚಾದರಗಳ ಮೂಲೆಯಲ್ಲಿ ವಾರ್ಡಿನ ಹೆಸರು ಬರೆದು ಬರೆದು ತಿದ್ದಿದ ಕೈ. ಪ್ರತಿ ಪುಟದ ಅಡಿಯಲ್ಲಿ ಪೆನ್ಸಿಲ್ಲಿನಿಂದ, ಯಾವ ಪ್ರತಿಯಿಂದ ಇಳಿಸಿದ್ದು ಎಂದು ಸಣ್ಣಗೆ ಗುರುತು ಹಾಕುತ್ತಾಳೆ. ಹೀಗೆ ಕೈಬರಹ ಸೇರಿದ ಪುಸ್ತಕ ಅರವತ್ತಮೂರು, ಪುಟ ನಾನೂರ ಹನ್ನೊಂದು. ಅವುಗಳಲ್ಲಿ ಹೆಚ್ಚಿನವು ಅಂಗಡಿಯಲ್ಲಿ ಹುಡುಕಿದರೂ ಸಿಗದ ಪುಸ್ತಕಗಳು.

ಈ ಕಾದಂಬರಿಗೆ ಮಾತ್ರ ಇನ್ನೊಂದು ಪ್ರತಿ ಸಿಗಲಿಲ್ಲ. ಎಂಟು ತಿಂಗಳು ಹುಡುಕಿದಳು. ಕೊನೆಗೆ, ಪುಟ ಕಳೆಯುವ ಮುಂಚೆ ಅದನ್ನು ಓದಿದ್ದವರನ್ನು ಪತ್ತೆಹಚ್ಚಿದಳು. ಮೂವರು ಸಿಕ್ಕರು: ಔಷಧಿ ಅಂಗಡಿಯವರು, ನಿವೃತ್ತ ಟೀಚರ್, ಮತ್ತು ಡ್ರೈವರ್. ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿ ಕೇಳಿದಳು. ಔಷಧಿ ಅಂಗಡಿಯವರು ಆಗ ಮಳೆ ಬರುತ್ತಿತ್ತು ಅಂದರು. ಟೀಚರ್ ಮಗಳ ಸೊಂಟದಲ್ಲಿ ಮಗುವಿತ್ತು ಅಂದರು. ಡ್ರೈವರ್, ಒಳಗಿನ ದೀಪದ ಬೆಳಕು ಹೊಸಿಲು ದಾಟಿ ಹೊರಗೆ ಬಿತ್ತು ಅಂದರು. ಒಂದು ವಿಷಯದಲ್ಲಿ ಮಾತ್ರ ಮೂವರದೂ ಒಂದೇ ಮಾತು: ಅವನು ಬಾಗಿಲು ತೆರೆಯುತ್ತಾನೆ.

"ಮೂರು ಜನ ಹೇಳಿದ್ರಲ್ಲಿ ಯಾವುದು ಸೇರಲಿಲ್ಲವೋ ಅದನ್ನ ಬಿಟ್ಟೆ. ಸೇರಿದ್ದನ್ನ ಇಟ್ಟುಕೊಂಡೆ. ಬಟ್ಟೆ ಕತ್ತರಿಸೋದೂ ಹಾಗೇ ಅಲ್ವಾ?" ಎನ್ನುತ್ತಾಳೆ ಗೋಂದಕ್ಕ.

ಸೇರಿದ್ದು ಒಂದೇ ಸಾಲು. ತುಂಬಬೇಕಾದದ್ದು ಆರು ಪುಟ. ಅವಳು ಬರೆದಳು. ಮುದುಕ ಎದ್ದು ನಿಲ್ಲುವುದಕ್ಕೇ ಒಂದು ಪುಟ ಹಿಡಿಯಿತು. ಮೊಣಕಾಲು ನೋವು ಏನೆಂದು ಅವಳಿಗೂ ಗೊತ್ತಿತ್ತು. ಕೊನೆಯ ಸಾಲಿನಲ್ಲಿ ಬಾಗಿಲು ತೆರೆಯಿತು. ಅಡಿಯಲ್ಲಿ ಪೆನ್ಸಿಲ್ ಗುರುತು ಹಾಕುವಾಗ ಕೈ ತಡೆಯಿತು. ಏನೆಂದು ಬರೆಯುವುದು? ಖಾಲಿ ಬಿಟ್ಟಳು.

"ಬರೆದದ್ದಕ್ಕಿಂತ ಖಾಲಿ ಬಿಟ್ಟದ್ದು ತಪ್ಪು," ಎಂದು ಈಗ ಯಾರೂ ಕೇಳದೆಯೇ ಹೇಳುತ್ತಾಳೆ. "ಅಲ್ಲಿ ನಾನು ತೇಪೆ ಮುಚ್ಚಿಟ್ಟೆ."

ಒಂಬತ್ತು ವರ್ಷದಲ್ಲಿ ನಲವತ್ತೊಂದು ಮಂದಿ ಆ ಪುಸ್ತಕ ಓದಿದರು. ಒಬ್ಬರೂ ಏನೂ ಕೇಳಲಿಲ್ಲ. ನಲವತ್ತೆರಡನೆಯವರು ಟೈಪಿಸ್ಟ್ ಮೇಡಂ.

ಮೇಡಂ ಮೂವತ್ತೈದು ವರ್ಷ ಕೋರ್ಟಿನಲ್ಲಿ ತೀರ್ಪು ಟೈಪ್ ಮಾಡಿದವರು. ನಿವೃತ್ತಿಯ ನಂತರ ತಂಗಿಯ ಮನೆಯ ಹತ್ತಿರವಿರಲೆಂದು ಈ ಬಡಾವಣೆಗೆ ಬಂದರು. ಸಾಮಾನು ಇನ್ನೂ ಬಿಚ್ಚಿರಲಿಲ್ಲ; ಓದದೆ ನಿದ್ದೆ ಬಾರದು. ಚಿಕ್ಕ ವಯಸ್ಸಿನಲ್ಲಿ ಓದಿ ಮೆಚ್ಚಿದ್ದ ಕಾದಂಬರಿ ಗ್ರಂಥಾಲಯದಲ್ಲಿ ಕಂಡಿತು, ತಂದರು. ಕೊನೆಯ ಆರು ಪುಟ ಓದಿ ಸಿಟ್ಟಿನಿಂದ ಎದ್ದು ಕೂತರು. ಮರುದಿನ ಕೂಲಿಯವರನ್ನು ಕರೆಸಿ ಹನ್ನೊಂದು ಪೆಟ್ಟಿಗೆ ಬಿಚ್ಚಿಸಿದರು. ಹನ್ನೊಂದನೆಯದರ ತಳದಲ್ಲಿ ಅವರ ಸ್ವಂತ ಪ್ರತಿ ಇತ್ತು.

ಗ್ರಂಥಾಲಯದ ಸಲಹೆ ಪುಸ್ತಕದಲ್ಲಿ ಅವರು ಬರೆದದ್ದು ಎರಡೇ ಸಾಲು: "ಕೊನೆಯ ಆರು ಪುಟ ಲೇಖಕರದ್ದಲ್ಲ. ಅವನು ಬಾಗಿಲು ತೆರೆಯುವುದಿಲ್ಲ." ಎರಡನೆಯ ಸಾಲಿಗೆ ಎರಡು ಅಡಿಗೆರೆ.

ನಿಜವಾದ ಪುಸ್ತಕದಲ್ಲಿ ಮುದುಕ ಏಳುತ್ತಾನೆ, ಕೂರುತ್ತಾನೆ, ಮತ್ತೆ ಏಳುತ್ತಾನೆ. ಚಿಲಕದ ಮೇಲೆ ಕೈ ಇಡುತ್ತಾನೆ. ಅಲ್ಲಿಗೆ ಕಾದಂಬರಿ ಮುಗಿಯುತ್ತದೆ.

ದೂರು ಮೇಲಿನ ಕಚೇರಿಗೆ ಹೋಯಿತು. ಅಲ್ಲಿಂದ ಬಂದ ಆದೇಶ ಬರೀ ಒಂದು ಪುಸ್ತಕದ ಮೇಲಲ್ಲ: ಕೈಬರಹದ ಪುಟವಿರುವ ಅರವತ್ತಮೂರೂ ಪುಸ್ತಕಗಳನ್ನು ಮೂರು ತಿಂಗಳಲ್ಲಿ ಮೂಲದೊಂದಿಗೆ ತಾಳೆ ನೋಡಬೇಕು, ತಾಳೆಯಾಗದೆ ಉಳಿದದ್ದನ್ನು ತೆಗೆದುಹಾಕಬೇಕು, ಒಂದೇ ಒಂದು ಉಳಿದರೂ ಕೈಬರಹದ ಪದ್ಧತಿ ನಿಲ್ಲಬೇಕು. ಕಾಗದ ಓದಿ ಹೇಳುವಾಗ ಗ್ರಂಥಪಾಲಕರು ತಲೆ ಎತ್ತಲಿಲ್ಲ. ಗೋಂದಕ್ಕ ತನ್ನ ದಬ್ಬಣ, ಮೇಣದ ದಾರ, ಕತ್ತರಿ ಎಲ್ಲವನ್ನೂ ಡಬ್ಬಿಗೆ ಹಾಕಿಕೊಂಡು ಮನೆಗೆ ಹೋದಳು. ನಾಲ್ಕು ದಿನ ಬರಲಿಲ್ಲ.

"ಐದನೇ ದಿನ ನಾನೇ ಕಳಿಸಿದೆ," ಎನ್ನುತ್ತಾಳೆ ಸೊಸೆ. "ಅತ್ತೆ, ನೀವು ಹೋಗ್ತೀರೋ, ಇಲ್ಲಾ ನಾನು ಮನೆ ಪರದೆ ಬಚ್ಚಿಡಬೇಕೋ ಅಂತ ಕೇಳಿದೆ."

ಗೋಡೆಗೆ ಅರವತ್ತಮೂರು ಹೆಸರಿನ ಪಟ್ಟಿ ಅಂಟಿಸಿದರು: ಈ ಪುಸ್ತಕಗಳು ನಿಮ್ಮಲ್ಲಿದ್ದರೆ ಎರಡು ದಿನಕ್ಕೆ ಕೊಡಿ. ಮೊದಲು ಬಂದವರು ಟೈಪಿಸ್ಟ್ ಮೇಡಂ. ಕಂಕುಳಲ್ಲಿ ತಮ್ಮ ಪ್ರತಿ.

"ಬರೆದವರು ಯಾರು?"

"ನಾನೇ."

ಮೇಡಂ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಒಬ್ಬರೇ ತಾಳೆ ನೋಡ್ತಿದ್ದೀರಾ? ಒಂದು ಕಣ್ಣು ಇಲ್ಲಿ, ಒಂದು ಕಣ್ಣು ಅಲ್ಲಿ? ನಮ್ಮ ಕೋರ್ಟಲ್ಲಿ ಅದಕ್ಕೆ ಬೆಲೆಯೇ ಇಲ್ಲ. ಒಬ್ಬರು ಓದಬೇಕು, ಒಬ್ಬರು ನೋಡಬೇಕು. ಸರೀರಿ ಆ ಕಡೆ."

ಅಂದಿನಿಂದ ದಿನಾ ಬೆಳಿಗ್ಗೆ ಆರಕ್ಕೆ ಇಬ್ಬರೂ ಮೇಜಿಗೆ ಬರುತ್ತಾರೆ. ಗ್ರಂಥಾಲಯ ತೆರೆಯುವ ಒಂಬತ್ತರವರೆಗೆ ಮೂರು ಗಂಟೆ. ನಾನೂರ ಐದು ಪುಟದಲ್ಲಿ ಸಿಕ್ಕ ತಪ್ಪು ಇಪ್ಪತ್ತಾರು. ಬಹಳಷ್ಟು ಬಿಟ್ಟುಹೋದ ಅಲ್ಪವಿರಾಮ. ಒಂದು ಕಡೆ ಇಡೀ ಸಾಲೇ ಹಾರಿತ್ತು. ತೋಟಗಾರಿಕೆಯ ಪುಸ್ತಕವೊಂದರಲ್ಲಿ ಗುಲಾಬಿ ಗಿಡದ ಔಷಧಿಗೆ 'ಎರಡು ಚಿಟಿಕೆ' ಎಂಬಲ್ಲಿ 'ಎರಡು ಚಮಚ' ಎಂದಿತ್ತು.

"ಎಷ್ಟು ಗಿಡ ಸತ್ತವೋ!" ಎಂದು ಗೋಂದಕ್ಕ ತಲೆಯ ಮೇಲೆ ಕೈ ಹೊತ್ತಳು.

"ಗಿಡದ ನೆಂಟರು ಯಾರೂ ಕೋರ್ಟಿಗೆ ಬರಲಿಲ್ಲ, ಬಿಡಿ," ಎಂದರು ಮೇಡಂ. ಅವರು ನಕ್ಕದ್ದನ್ನು ಗೋಂದಕ್ಕ ಕಂಡದ್ದು ಅಂದೇ ಮೊದಲು.

ಅರವತ್ತೆರಡು ಮುಗಿದವು. ಕಾದಂಬರಿಯನ್ನು ಗೋಂದಕ್ಕ ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದಳು. ಹೋದ ವಾರ ಅದರ ಹೊಲಿಗೆ ಬಿಚ್ಚಿ ತನ್ನ ಮೂರು ಹಾಳೆ ಹೊರತೆಗೆದಳು. ಒಂದೊಂದು ಹಾಳೆಗೆ ಎರಡೆರಡು ಪುಟ. ಹರಿಯಲು ಹೊರಟವಳ ಕೈಯನ್ನು ಮೇಡಂ ತಡೆದರು. "ರದ್ದಾದ ಕಾಗದಾನೂ ನಾವು ಫೈಲಿನಲ್ಲಿ ಇಡ್ತೀವಿ. ಹರಿಯೋ ಅಧಿಕಾರ ನಿಮಗಿಲ್ಲ. ಮೊದಲು ಆ ಮೂವರನ್ನ ಕೇಳಿ, ಯಾಕೆ ಹಾಗೆ ಹೇಳಿದರು ಅಂತ."

ಔಷಧಿ ಅಂಗಡಿಯವರು ಈಗಿಲ್ಲ. ಟೀಚರ್‌ಗೆ ನೆನಪು ಮಸುಕು. ಡ್ರೈವರ್ ಬೆಳಗಿನ ಪಾಳಿ ಮುಗಿಸಿ ಖಾಕಿ ಅಂಗಿಯಲ್ಲೇ ಬಂದರು. ಮೇಡಂ ತಮ್ಮ ಪ್ರತಿಯ ಕೊನೆಯ ಪುಟ ಓದಿ ಹೇಳಿದಾಗ ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದರು.

"ನಾನು ಸುಳ್ಳು ಹೇಳಲಿಲ್ಲ ಅಕ್ಕ."

"ಹೇಳಿದೆ ಅಂತ ಯಾರಂದ್ರು ತಮ್ಮಾ?"

"ಈ ಪುಸ್ತಕ ಓದಿದ ವಾರವೇ ನಮ್ಮಣ್ಣನ ಮನೆಗೆ ಹೋಗಿದ್ದೆ. ಆಸ್ತಿ ಜಗಳ, ಏಳು ವರ್ಷ ಮಾತಿರಲಿಲ್ಲ. ಬಾಗಿಲು ತಟ್ಟಿ ನಿಂತಿದ್ದೆ. ಒಳಗೆ ಅವನು ನಡೆಯೋದು ಕೇಳಿಸ್ತಿತ್ತು, ಬರ್ತಾನೆ, ನಿಲ್ತಾನೆ, ಹೋಗ್ತಾನೆ. ಆಮೇಲೆ ತೆಗೆದ. ದೀಪದ ಬೆಳಕು ಹೊಸಿಲು ದಾಟಿ ನನ್ನ ಕಾಲ ಮೇಲೆ ಬಿತ್ತು." ಅವರು ಟೋಪಿಯನ್ನು ಕೈಯಲ್ಲಿ ತಿರುಗಿಸಿದರು. "ತೆರೆದದ್ದು ಪುಸ್ತಕದಲ್ಲೋ, ನಮ್ಮಣ್ಣನ ಮನೇಲೋ, ನನ್ನ ತಲೇಲಿ ಎರಡೂ ಕಲೆತುಹೋಗಿದೆ."

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಮರುದಿನ ಬರುವಾಗ ಒಂದು ಲಕೋಟೆ ತಂದರು, ಮೇಲೆ ಟೈಪ್ ಮಾಡಿದ ಸಾಲು: "ಒಳಗಿನ ಮೂರು ಹಾಳೆ ಲೇಖಕರದ್ದಲ್ಲ. ಓದಿದವರು ನೆನಪಿಟ್ಟುಕೊಂಡದ್ದು." ಹಿಂದಿನ ರಟ್ಟಿನ ಒಳಮೈಗೆ ಅದನ್ನು ಅಂಟಿಸಬಹುದೇ ಎಂದು ಗ್ರಂಥಪಾಲಕರನ್ನು ಕೇಳಿದವರೂ ಅವರೇ. ಗ್ರಂಥಪಾಲಕರು ಆದೇಶವನ್ನು ಎರಡು ಸಲ ಓದಿ, ಲಕೋಟೆಯ ಬಗ್ಗೆ ಅದರಲ್ಲಿ ಏನೂ ಇಲ್ಲ ಎಂದರು.

ಇಂದು ಬೆಳಿಗ್ಗೆ ನಡೆದಿರುವುದು ನಿಜವಾದ ಆರು ಪುಟದ ತಾಳೆ. ಹೊಸ ಪ್ಯಾರಾ ಸರಿಯಾಗುವ ಹೊತ್ತಿಗೆ ಬೆಳಕು ಮೇಜಿನ ಈ ತುದಿಗೂ ಬಂದಿದೆ. "ಚಿಲಕದ ಮೇಲೆ ಕೈ ಇಟ್ಟ. ಪೂರ್ಣವಿರಾಮ," ಎನ್ನುತ್ತಾರೆ ಮೇಡಂ.

"ಪೂರ್ಣವಿರಾಮ," ಎನ್ನುತ್ತಾಳೆ ಗೋಂದಕ್ಕ. ಅಡಿಯಲ್ಲಿ ಪೆನ್ಸಿಲ್ಲಿನಿಂದ ಬರೆಯುತ್ತಾಳೆ: ಟೈಪಿಸ್ಟ್ ಮೇಡಂ ಅವರ ಪ್ರತಿಯಿಂದ.

ಆಮೇಲಿನದು ಅವಳೊಬ್ಬಳ ಕೆಲಸ. ಹಾಳೆಗಳನ್ನು ಸೇರಿಸಿ, ಹಳೆಯ ತೂತುಗಳಲ್ಲೇ ದಬ್ಬಣ ಹಾಯಿಸಿ ಹೊಲಿಯುತ್ತಾಳೆ. ಬೆನ್ನಿಗೆ ತೆಳುವಾಗಿ ಅಂಟು ಸವರಿ ಎರಡು ಹಲಗೆಯ ನಡುವೆ ಇಟ್ಟು, ಮೇಲೆ ಇಸ್ತ್ರಿ ಪೆಟ್ಟಿಗೆ ಹೇರುತ್ತಾಳೆ. ಗುರುವಾರ ಬೆಳಿಗ್ಗೆ ತೆಗೆದು, ಕಣ್ಣು ಮುಚ್ಚಿ, ಹಾಳೆ ಸೇರುವಲ್ಲಿ ಅಂಗೈ ಸವರುತ್ತಾಳೆ. ತಲೆಯಾಡಿಸುತ್ತಾಳೆ. ಆದರೆ ಪರೀಕ್ಷೆ ಇನ್ನೂ ಇದೆ. ಅದಕ್ಕೆ ಯಾರೆಂದು ಮೇಡಂ ಕೇಳುವುದೂ ಇಲ್ಲ, ಇವಳು ಹೇಳುವುದೂ ಇಲ್ಲ.

ಶನಿವಾರ ಎಂಟೂವರೆಗೆ ಡ್ರೈವರ್ ಬರುತ್ತಾರೆ. ಪುಸ್ತಕವನ್ನು ಎರಡೂ ಕೈಯಲ್ಲಿ ಮೇಜಿನ ಮೇಲಿಡುತ್ತಾರೆ.

"ಹೊಲಿಗೆ ನಿಂತಿದೆ ಅಕ್ಕ."

"ಪೂರ್ತಿ ಓದಿದೆಯಾ?"

"ಪೂರ್ತಿ. ಲಕೋಟೆ ಒಳಗಿದ್ದದ್ದನ್ನೂ."

ಗೋಂದಕ್ಕನಿಗೆ ಕೇಳಲು ಧೈರ್ಯ ಸಾಲದು. ಮೇಡಂ ಕೇಳುತ್ತಾರೆ: "ಮತ್ತೆ, ಬಾಗಿಲು ತೆಗೀಲಿಲ್ಲ ಅಂತ ಬೇಜಾರಾಯ್ತಾ?"

"ಕೈ ಇಟ್ಟಿದ್ದಾನಲ್ಲ ಮೇಡಂ," ಎನ್ನುತ್ತಾರೆ ಡ್ರೈವರ್. "ಅಷ್ಟು ಸಾಕು. ಮುಂದಿಂದು ನನಗೆ ಗೊತ್ತು."

ಗ್ರಂಥಪಾಲಕರು ಪಟ್ಟಿಯ ಅರವತ್ತಮೂರನೆಯ ಹೆಸರಿನ ಮುಂದೆ ಗುರುತು ಹಾಕಿ, ಕಾಗದವನ್ನು ಮೇಲಿನ ಕಚೇರಿಗೆ ಕಳಿಸಲು ಮಡಚುತ್ತಾರೆ. ಮೇಜಿನ ಮೇಲೆ ಆಗಲೇ ನಾಲ್ಕು ಹರಿದ ಪುಸ್ತಕ ಬಂದು ಕೂತಿವೆ. ಒಂದರಲ್ಲಿ ನಡುವಿನ ಎಂಟು ಪುಟ ಇಲ್ಲ. ಮೇಡಂ ಅದನ್ನೇ ಎತ್ತಿಕೊಂಡು, ಇದರ ಪ್ರತಿ ತಂಗಿಯ ಮನೆಯಲ್ಲಿ ಇರಬಹುದು ಎಂದು ಗೊಣಗುತ್ತಾರೆ. ಹೊರಗೆ ಬಾಗಿಲ ಬಳಿ ಇಬ್ಬರು ಮೂವರು ಒಂಬತ್ತು ಗಂಟೆಗಾಗಿ ಕಾಯುತ್ತಿದ್ದಾರೆ.

ಇನ್ನೇನಾದರೂ ಆಸೆ ಇದೆಯಾ ಎಂದರೆ ಗೋಂದಕ್ಕ ದಾರಕ್ಕೆ ಮೇಣ ಉಜ್ಜುತ್ತಲೇ ಯೋಚಿಸುತ್ತಾಳೆ.

"ಮೊದಲೆಲ್ಲ, ಇದು ಇನ್ನೊಬ್ಬರ ಕೈ ಅಂತ ಓದೋರಿಗೆ ಗೊತ್ತೇ ಆಗಬಾರದು ಅನ್ನಿಸ್ತಿತ್ತು. ಈಗ ಹಾಗಿಲ್ಲ. ನನ್ನ ಅಕ್ಷರ ಅಂತ ಎಲ್ಲರಿಗೂ ಗೊತ್ತಾಗಲಿ, ತಪ್ಪಿದ್ದರೆ ಬಂದು ಬೈಯಲಿ." ದಾರವನ್ನು ಹಲ್ಲಿನಿಂದ ಕಡಿದು, ಕಣ್ಣು ಕಿರಿದು ಮಾಡಿ ದಬ್ಬಣಕ್ಕೆ ಪೋಣಿಸುತ್ತಾಳೆ. "ಹೊಲಿಗೆ ಮಾತ್ರ ಕೈಗೆ ತಾಕಬಾರದು."